ಬಟನ್ ಒತ್ತಿದರೆ ಚಿತ್ರ ಬೆಳಗಿ ಮಾತು ಕೇಳಿಸಬೇಕೆ? ಪುಟ್ಟ ಮ್ಯೂಸಿಯಂಗಳಿಗೆ ಹಂತ ಹಂತದ ಮಾರ್ಗದರ್ಶಿ

ಶಾಲೆಯ ಖಾಲಿ ಕೊಠಡಿಯಲ್ಲೋ, ಗ್ರಂಥಾಲಯದ ಪಕ್ಕದಲ್ಲೋ, ಮಠದ ಹಳೇ ಕಟ್ಟಡದಲ್ಲೋ ಪುಟ್ಟದೊಂದು ಮ್ಯೂಸಿಯಂ ಮಾಡಲು ಹೊರಟವರು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ‘ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಇರೋ ಹಾಗೆ ಬಟನ್ ಒತ್ತಿದ ಕೂಡಲೇ ಚಿತ್ರ ಬೆಳಗಿ ವಿವರಣೆ ಕೇಳಿಸಬೇಕು. ಅದಕ್ಕೆ ಕಂಪ್ಯೂಟರ್ ಬೇಕಾ?’

ಬೇಡ. ಸೋಲ್ಡರಿಂಗ್ ಬರುವ ಒಬ್ಬರು, ಒಬ್ಬ ಬಡಗಿ, 230 ವೋಲ್ಟ್ ಕೆಲಸಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್, ಜೊತೆಗೊಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇದ್ದರೆ ಸಾಕು. ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ಇಂಥ ಪ್ರದರ್ಶಿಕೆಯಲ್ಲಿ ಸಾಮಾನ್ಯವಾಗಿ ಕೆಡುವುದು ಪ್ರೋಗ್ರಾಂ ಅಲ್ಲ. ಬಟನ್, ವೈರಿನ ತುದಿ ಮತ್ತು ಕರೆಂಟು. ದುಡ್ಡು, ಗಮನ ಎರಡೂ ಅಲ್ಲಿಗೇ ಹೋಗಲಿ.

ಕೆಳಗಿನ ಲೆಕ್ಕವೆಲ್ಲ ಶಿಡ್ಲಘಟ್ಟ ಕಡೆಯ ಶಾಲೆಯೊಂದು ಇಡಬಹುದಾದ ರೇಷ್ಮೆ ಫಲಕಕ್ಕೆ ಹಾಕಿದ್ದು. ಮೊಟ್ಟೆ, ಹುಳು, ಗೂಡು, ನೂಲು ಎಂಬ ನಾಲ್ಕು ಚಿತ್ರ, ನಾಲ್ಕು ಬಟನ್. ಕನ್ನಡ, ತೆಲುಗು, ಇಂಗ್ಲಿಷ್‌ಗೆ ಮೂರು ಭಾಷಾ ಬಟನ್. ಕೆಜಿಎಫ್‌ನಲ್ಲಿ ಮಾಡುವುದಾದರೆ ತಮಿಳೂ ಬೇಕಾಗುತ್ತದೆ.

ಬೇಕಾಗುವ ಸಾಮಾನು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಸಿಗುತ್ತವೆ, ಆನ್‌ಲೈನ್‌ನಲ್ಲೂ ತರಿಸಬಹುದು.

- ಆರ್ಡುಯಿನೊ ನ್ಯಾನೊ 1. ಯಾವ ಬಟನ್ ಒತ್ತಿದರು ಎಂದು ನೋಡಿ ಮುಂದಿನ ಕೆಲಸ ಮಾಡಿಸುವ ಪುಟ್ಟ ಬೋರ್ಡ್ ಇದು.
- ಡಿಎಫ್‌ಪ್ಲೇಯರ್ ಮಿನಿ 1. ಮೆಮೊರಿ ಕಾರ್ಡಿನಿಂದ ಎಂಪಿ3 ನುಡಿಸುವ, ಒಳಗೇ 3 ವ್ಯಾಟ್ ಆಂಪ್ಲಿಫೈಯರ್ ಇರುವ ಬೋರ್ಡ್. ನಕಲಿ ಮಾಲು ಬಹಳ. ಒಂದೇ ಅಂಗಡಿಯಿಂದ ಮೂರು ತನ್ನಿ, ಎರಡು ಬಿಡಿಯಾಗಿ ಇರಲಿ.
- ಮೈಕ್ರೊ ಎಸ್‌ಡಿ ಕಾರ್ಡ್ 2 (32 ಜಿಬಿ ಮೀರಬಾರದು)
- ಸ್ಪೀಕರ್ 1 (3 ಇಂಚು, 4 ಓಮ್, 5 ವ್ಯಾಟ್)
- ಬಟನ್ 7, ಬಿಡಿ 2
- 12 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್ 1 (230 ವೋಲ್ಟನ್ನು 12ಕ್ಕೆ ಇಳಿಸುವ ಪವರ್ ಸಪ್ಲೈ). 12 ವೋಲ್ಟನ್ನು 5ಕ್ಕೆ ಇಳಿಸುವ ಬಕ್ ಕನ್ವರ್ಟರ್ 1
- ಐಆರ್‌ಎಲ್‌ಜೆಡ್44ಎನ್ ಮಾಸ್ಫೆಟ್ 4. ಎಲ್‌ಇಡಿ ಪಟ್ಟಿಗೆ ಎಲೆಕ್ಟ್ರಾನಿಕ್ ಸ್ವಿಚ್ ಆಗುವ ಭಾಗ.
- 12 ವೋಲ್ಟ್ ಬಿಳಿ ಎಲ್‌ಇಡಿ ಪಟ್ಟಿ 4 ಮೀಟರ್ (ಮೀಟರಿಗೆ ಸುಮಾರು 10 ವ್ಯಾಟ್)
- ರೆಸಿಸ್ಟರ್: 1 ಕಿಲೋಓಮ್ 1, 220 ಓಮ್ 4, 470 ಓಮ್ 3, 10 ಕಿಲೋಓಮ್ 4, 4.7 ಕಿಲೋಓಮ್ 7
- ಕೆಪಾಸಿಟರ್: 1000 ಮೈಕ್ರೊಫ್ಯಾರಡ್ 16 ವೋಲ್ಟ್ 1, 0.1 ಮೈಕ್ರೊಫ್ಯಾರಡ್ 7
- ಭಾಷೆ ತೋರಿಸಲು 5 ಮಿ.ಮೀ. ಎಲ್‌ಇಡಿ 3
- 5 ಆಂಪಿಯರ್ ಫ್ಯೂಸ್, ಸ್ಕ್ರೂ ಟರ್ಮಿನಲ್, ಕ್ಯಾಟ್6 ಕೇಬಲ್, ಲಗ್‌ಗಳು (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ)

ಒಂದೇ ಬಟನ್, ಒಂದೇ ಧ್ವನಿ ಸಾಕು, ಬೆಳಕು ಬೇಡ ಅನ್ನುವವರಿಗೆ ಆರ್ಡುಯಿನೊ ಖರ್ಚೂ ಇಲ್ಲ. ಡಿಎಫ್‌ಪ್ಲೇಯರಿನ ‘ಎಡಿಕೀ1’ ಪಿನ್ ಮತ್ತು ಗ್ರೌಂಡ್ (ಮೈನಸ್) ನಡುವೆ ಬಟನ್ ಹಾಕಿದರೆ ಕಾರ್ಡಿನ ಮೊದಲನೇ ಧ್ವನಿ ನುಡಿಯುತ್ತದೆ.

ಹಂತ 1: ಮೊದಲು ಮಾತು, ಆಮೇಲೆ ವೈರು

ಒಂದು ಬಟನ್‌ಗೆ ಒಂದು ನಿಮಿಷ ಸಾಕು, 75 ಸೆಕೆಂಡ್ ಮೀರಬೇಡಿ. ನಿಂತು ಕೇಳುವವರಿಗೆ ಅದಕ್ಕಿಂತ ತಾಳ್ಮೆ ಇರುವುದಿಲ್ಲ. ಹಿಂದೆ ಶಾಲಾ ಮಕ್ಕಳ ಸಾಲು ಬೇರೆ ಕಾಯುತ್ತಿರುತ್ತದೆ. ನಿಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು 100 ಕನ್ನಡ ಪದ. ಬರೆದದ್ದನ್ನು ಗಡಿಯಾರ ಹಿಡಿದು ಜೋರಾಗಿ ಓದಿ ನೋಡಿ, ಹೆಚ್ಚಾದದ್ದನ್ನು ಹೊಡೆದುಹಾಕಿ.

ಮೊದಲ ವಾಕ್ಯ ಕಣ್ಣೆದುರಿನ ವಸ್ತುವಿನ ಬಗ್ಗೆಯೇ ಇರಬೇಕು. ‘ರೇಷ್ಮೆ ನಮ್ಮ ಜಿಲ್ಲೆಯ ಹೆಮ್ಮೆ’ ಎಂದು ಶುರು ಮಾಡಿದರೆ ಕೇಳುವವರು ಅಲ್ಲೇ ಬಿಟ್ಟು ಮುಂದಿನ ಬಟನ್‌ಗೆ ಹೋಗುತ್ತಾರೆ. ‘ಈ ಬಿಳಿ ಗೂಡನ್ನು ಬಿಚ್ಚಿದರೆ ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಸಿಗುತ್ತದೆ’ ಅಂದರೆ ನಿಲ್ಲುತ್ತಾರೆ. ಕೆಜಿಎಫ್ ಫಲಕಕ್ಕೂ ಹಾಗೇ: ‘ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ ಶಿವನಸಮುದ್ರದಿಂದ ಸುಮಾರು 148 ಕಿ.ಮೀ. ತಂತಿ ಎಳೆದು ಈ ಗಣಿಗೆ ಕರೆಂಟು ತಂದಿದ್ದರು.’ ಒಂದು ನಿಮಿಷದೊಳಗೆ ಎರಡು ಇಸವಿ ಸಾಕು. ಮೂರನೆಯದು ಯಾರ ಕಿವಿಗೂ ನಿಲ್ಲುವುದಿಲ್ಲ, ಅದನ್ನು ಬರಹದ ಫಲಕಕ್ಕೆ ಕಳಿಸಿ.

ಕಸುಬಿನವರ ಮಾತನ್ನು ತಿದ್ದಬೇಡಿ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಹಣ್ಣಾದ ಮೇಲೆ ಚಂದ್ರಿಕೆಗೆ (ಗೂಡು ಕಟ್ಟಿಸುವ ಬಿದಿರಿನ ತಟ್ಟೆಗೆ) ಬಿಡುತ್ತಾರೆ ಎಂದೇ ಹೇಳಿ. ‘ಜ್ವರ ಅಂದರೆ ಪೊರೆ ಬಿಡುವ ಮೊದಲು ಸೊಪ್ಪು ತಿನ್ನದೆ ಅಲುಗಾಡದೆ ಇರುವ ಹೊತ್ತು’ ಎಂದು ಒಂದು ವಾಕ್ಯ ಸೇರಿಸಿದರೆ ಊರಿನವರಿಗೂ ಹೊರಗಿನವರಿಗೂ ಆಯಿತು. ತೆಲುಗು ಓದಿಸುವಾಗ ಚಿಂತಾಮಣಿ, ಬಾಗೇಪಲ್ಲಿ ಕಡೆಯವರ ದನಿಯೇ ಇರಲಿ, ಟಿ.ವಿ. ತೆಲುಗು ಬೇಡ.

ಹಂತ 2: ಧ್ವನಿಮುದ್ರಣ

ಮೊಬೈಲ್ ಸಾಕು, ಕೋಣೆ ಸರಿಯಾಗಿರಬೇಕು. ಬರೀ ಗೋಡೆಯ ಕೋಣೆಯಲ್ಲಿ ದನಿ ಡಬ್ಬಿಯೊಳಗಿಂದ ಬಂದ ಹಾಗಿರುತ್ತದೆ. ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಬೀರು ಇರುವ ಕೋಣೆ ಹುಡುಕಿ, ಫ್ಯಾನ್ ಆರಿಸಿ, ಮೊಬೈಲನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಡಿ. ಎದುರಿಗೇ ಹಿಡಿದರೆ ಪ, ಫ, ಭ ಬಂದಾಗಲೆಲ್ಲ ಗಾಳಿ ಬಡಿದ ಸದ್ದು ಬರುತ್ತದೆ.

ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನ ಗುಂಯ್‌ಗುಡುವಿಕೆ ಕತ್ತರಿಸಿ, ‘ಲೌಡ್‌ನೆಸ್ ನಾರ್ಮಲೈಸೇಷನ್’ ಬಳಸಿ ಎಲ್ಲ ಕಡತಗಳನ್ನೂ ಒಂದೇ ಮಟ್ಟಕ್ಕೆ ತನ್ನಿ. ಇದನ್ನು ಮಾಡದಿದ್ದರೆ ಕನ್ನಡ ಪಿಸುಗುಟ್ಟಿ ತೆಲುಗು ಕಿರುಚುತ್ತದೆ. ಶುರುವಿನಲ್ಲಿ ಅರ್ಧ ಸೆಕೆಂಡ್ ಮೌನ ಬಿಡಿ. ಮೋನೊ, 44.1 ಕಿಲೋಹರ್ಟ್ಸ್, 128 ಕೆಬಿಪಿಎಸ್ ಎಂಪಿ3 ಆಗಿ ಉಳಿಸಿ. ನಿಮಿಷಕ್ಕೆ ಸುಮಾರು 1 ಎಂಬಿ ಆಗುತ್ತದೆ. ದನಿ ಕೊಟ್ಟವರಿಂದಲೂ ಹಳೆಯ ಫೋಟೊ ಕೊಟ್ಟ ಮನೆಯವರಿಂದಲೂ ಒಂದು ಒಪ್ಪಿಗೆ ಪತ್ರ ಬರೆಸಿಕೊಂಡು ಕಡತದಲ್ಲಿಡಿ.

ಹಂತ 3: ಬೆಳಗುವ ಚಿತ್ರದ ಪೆಟ್ಟಿಗೆ

18×12 ಇಂಚಿನ ಚಿತ್ರಕ್ಕೆ ಕನಿಷ್ಠ 2700×1800 ಪಿಕ್ಸೆಲ್ ಬೇಕು. ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಚಿತ್ರವಾಗಿ ಕಳಿಸಿದರೆ ಕುಗ್ಗಿ ಬರುತ್ತದೆ, ದೊಡ್ಡದಾಗಿ ಪ್ರಿಂಟ್ ತೆಗೆದಾಗ ಚೌಕ ಚೌಕ ಕಾಣುತ್ತದೆ.

ಫ್ಲೆಕ್ಸ್ ಅಂಗಡಿಯಲ್ಲಿ ‘ಬ್ಯಾಕ್‌ಲಿಟ್’ ಅಥವಾ ‘ಟ್ರಾನ್ಸ್‌ಲೈಟ್’ ಎಂದೇ ಕೇಳಿ. ರಸ್ತೆ ಬದಿಯ ಬ್ಯಾನರ್‌ನ ಫ್ಲೆಕ್ಸ್‌ನ ಬೆನ್ನಿಗೆ ಸಾಮಾನ್ಯವಾಗಿ ಬೂದು ಇಲ್ಲವೇ ಕಪ್ಪು ಪದರ ಇರುತ್ತದೆ, ಬೆಳಕು ತೂರುವುದಿಲ್ಲ. ಪ್ರಿಂಟಿನ ಹಿಂದೆ 3 ಮಿ.ಮೀ. ಹಾಲುಬಿಳಿ ಅಕ್ರಿಲಿಕ್, ಅದರ ಹಿಂದೆ 8ರಿಂದ 10 ಸೆಂ.ಮೀ. ಆಳದ ಪೆಟ್ಟಿಗೆ, ಒಳಗೆಲ್ಲ ಬಿಳಿ ಬಣ್ಣ. ಜಾಗ ಉಳಿಸಲು ಆಳ ಕಡಿಮೆ ಮಾಡಿದರೆ ಎಲ್‌ಇಡಿಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ಮೇಲೊಂದು ಕೆಳಗೊಂದು ನಾಲ್ಕೈದು ಮಿ.ಮೀ. ತೂತು ಬಿಟ್ಟು, ಸೊಳ್ಳೆ ಜಾಲರಿ ಅಂಟಿಸಿ. ತೂತಿಲ್ಲದಿದ್ದರೆ ಬಿಸಿ ಹೊರಹೋಗದು, ಜಾಲರಿ ಇಲ್ಲದಿದ್ದರೆ ಹಲ್ಲಿಯೂ ಇರುವೆಯೂ ಒಳಗೆ ಸಂಸಾರ ಹೂಡುತ್ತವೆ.

ಎಚ್ಚರಿಕೆ: ಮೂಲ ಫೋಟೊ, ತಾಳೆಗರಿ, ಹಳೆಯ ರೇಷ್ಮೆ ಬಟ್ಟೆಯನ್ನು ಎಂದೂ ಬೆಳಕಿನ ಪೆಟ್ಟಿಗೆಗೆ ಹಾಕಬೇಡಿ. ಇಂಥ ಸೂಕ್ಷ್ಮ ವಸ್ತುಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಮ್ಯೂಸಿಯಂಗಳು ಪಾಲಿಸುವ ಮಿತಿ. ಬೆಳಕಿನಿಂದ ಮಾಸಿದ ಬಣ್ಣ ಮರಳಿ ಬಾರದು. ಸ್ಕ್ಯಾನ್ ಮಾಡಿಸಿ ಪ್ರತಿಯನ್ನು ಬೆಳಗಿಸಿ, ಮೂಲವನ್ನು ಕಪಾಟಿನಲ್ಲಿಡಿ.

ಹಂತ 4: ಬಟನ್

ಟಚ್ ಬಟನ್ ಬೇಡವೇ ಬೇಡ. ಒತ್ತಿದ್ದು ಬೆರಳಿಗೆ ಗೊತ್ತಾಗದಿದ್ದರೆ ಜನ ಮತ್ತೆ ಮತ್ತೆ ಕುಟ್ಟುತ್ತಾರೆ. ಕಣ್ಣು ಕಾಣದವರಿಗಂತೂ ಅದು ಇದ್ದೂ ಇಲ್ಲದ ಹಾಗೆ. ಎರಡು ಬಗೆಯಲ್ಲಿ ಒಂದನ್ನು ಆರಿಸಿ. ವಿಡಿಯೊ ಗೇಮ್ ಯಂತ್ರಗಳ 30 ಮಿ.ಮೀ. ಆರ್ಕೇಡ್ ಬಟನ್ ದೊಡ್ಡದು, ಅಗ್ಗ, ಅಡಿಯ ಮೈಕ್ರೊಸ್ವಿಚ್ ಮಾತ್ರ ಬದಲಾಯಿಸಬಹುದು. ಮೋಟಾರ್ ಪ್ಯಾನೆಲ್‌ಗಳಿಗೆ ಹಾಕುವ 22 ಮಿ.ಮೀ. ಬಟನ್ ಇನ್ನೂ ಗಟ್ಟಿ, ತುಮಕೂರು ಕೋಲಾರದ ಎಲೆಕ್ಟ್ರಿಕಲ್ ಅಂಗಡಿಗಳಲ್ಲೇ ಕೇಳಿ ನೋಡಬಹುದು. ನಮ್ಮ ಮತ ಎರಡನೆಯದಕ್ಕೆ. ಕೆಟ್ಟ ದಿನವೇ ಊರಿನಲ್ಲಿ ಸಿಗುವ ಭಾಗ ಎಷ್ಟೋ ಮೇಲು.

ಆದರೆ 22 ಮಿ.ಮೀ. ಬಟನ್ ತೆಳು ತಗಡಿಗೆಂದು ಮಾಡಿದ್ದು, 18 ಮಿ.ಮೀ. ಪ್ಲೈವುಡ್‌ಗೆ ಅದರ ನಟ್ ಬಿಗಿಯುವುದಿಲ್ಲ. ಪ್ಲೈವುಡ್‌ನಲ್ಲಿ ದೊಡ್ಡ ಕಿಟಕಿ ಕತ್ತರಿಸಿ, ಅದರ ಮೇಲೆ ಬೋರ್ಡ್ ಬರೆಯುವವರು ಬಳಸುವ 3 ಮಿ.ಮೀ. ಎಸಿಪಿ ಶೀಟ್ ಕೂರಿಸಿ, ಬಟನ್ ತೂತನ್ನು ಶೀಟಿಗೆ ಕೊರೆಯಿರಿ.

ನೆಲದಿಂದ 75ರಿಂದ 95 ಸೆಂ.ಮೀ. ಎತ್ತರದಲ್ಲಿದ್ದರೆ ಗಾಲಿಕುರ್ಚಿಯವರಿಗೂ ಮೂರನೇ ತರಗತಿ ಮಕ್ಕಳಿಗೂ ಎಟುಕುತ್ತದೆ. ಬಟನ್ ನಡುವೆ 8 ಸೆಂ.ಮೀ. ಬಿಡಿ, ಹತ್ತಿರ ಇಟ್ಟರೆ ಅಂಗೈಯಲ್ಲಿ ಎರಡು ಒಟ್ಟಿಗೆ ಒತ್ತಿಹೋಗುತ್ತವೆ. ಭಾಷಾ ಬಟನ್‌ಗಳು ಬೇರೆ ಬಣ್ಣದಲ್ಲಿ, ಬೇರೆ ಸಾಲಿನಲ್ಲಿರಲಿ. ಅವುಗಳ ಮೇಲೆ ಆಯಾ ಭಾಷೆಯ ಹೆಸರು ಆಯಾ ಲಿಪಿಯಲ್ಲೇ ಇರಲಿ. ತೆಲುಗು ಮಾತ್ರ ಓದಬಲ್ಲವರಿಗೆ ‘ತೆಲುಗು’ ಎಂದು ಕನ್ನಡದಲ್ಲಿ ಬರೆದು ಏನು ಉಪಯೋಗ?

ಆರ್ಕೇಡ್ ಬಟನ್ ಆರಿಸಿದರೆ, ಅದರ ಮೈಕ್ರೊಸ್ವಿಚ್‌ಗೆ ಮೂರು ಕಾಲು. ನಿಮಗೆ ಬೇಕಾದ್ದು ‘ಕಾಮ್’ ಮತ್ತು ‘ಎನ್‌ಒ’, ಅಂದರೆ ಒತ್ತಿದಾಗ ಮಾತ್ರ ಸೇರುವ ಜೋಡಿ. ‘ಎನ್‌ಸಿ’ಗೆ ಹಾಕಿದರೆ ಎಲ್ಲ ತಿರುಗುಮುರುಗು. ವೈರನ್ನು ಕಾಲಿಗೆ ಸೋಲ್ಡರ್ ಮಾಡಬೇಡಿ, ಲಗ್ ಹಾಕಿ ತುರುಕಿ. ಪ್ರತಿ ಒತ್ತಿಗೂ ಅಲುಗುವ ಜಾಗದಲ್ಲಿ ಸೋಲ್ಡರ್ ಮಾಡಿದ ವೈರು ಬುಡದಲ್ಲೇ ಮುರಿಯುತ್ತದೆ.

ಹಂತ 5: ಜೋಡಣೆ

ಆರ್ಡುಯಿನೊ ಪಿನ್ ಹಂಚಿಕೆ ಹೀಗಿರಲಿ: ಚಿತ್ರದ ಬಟನ್ ಡಿ2ರಿಂದ ಡಿ5, ಮಾಸ್ಫೆಟ್ ಡಿ6ರಿಂದ ಡಿ9, ಡಿಎಫ್‌ಪ್ಲೇಯರ್ ಜೊತೆ ಮಾತುಕತೆಗೆ ಡಿ10 ಮತ್ತು ಡಿ11, ಅದರ ‘ಬ್ಯುಸಿ’ ಪಿನ್ (ನುಡಿಯುವಾಗ ವೋಲ್ಟೇಜ್ ಇಳಿದು, ಮುಗಿದಾಗ ಮೇಲೇರುವ ಪಿನ್) ಡಿ12ಕ್ಕೆ, ಭಾಷಾ ಬಟನ್ ಎ0ರಿಂದ ಎ2, ಭಾಷೆಯ ಎಲ್‌ಇಡಿಗಳು ಎ3ರಿಂದ ಎ5, ಒಂದೊಂದಕ್ಕೂ 470 ಓಮ್. ಡಿ0, ಡಿ1 ಮುಟ್ಟಬೇಡಿ, ಅವು ಯುಎಸ್‌ಬಿಗೆ ಬೇಕು.

ಬಟನ್‌ನ ಒಂದು ವೈರು ಪಿನ್‌ಗೆ, ಇನ್ನೊಂದು ಗ್ರೌಂಡ್‌ಗೆ. ವೈರು ಒಂದು ಮೀಟರಿಗಿಂತ ಉದ್ದವಾದರೆ ಪಿನ್‌ನಿಂದ 5 ವೋಲ್ಟ್‌ಗೆ 4.7 ಕಿಲೋಓಮ್, ಪಿನ್‌ನಿಂದ ಗ್ರೌಂಡ್‌ಗೆ 0.1 ಮೈಕ್ರೊಫ್ಯಾರಡ್ ಹಾಕಿ. ‘ಯಾರೂ ಒತ್ತದೆ ತಾನೇ ಮಾತಾಡುತ್ತೆ ಸಾರ್’ ಎಂಬ ದೂರಿಗೆ ಬಹುಪಾಲು ಕಾರಣ ಇದಿಲ್ಲದಿರುವುದೇ. ಚಿಪ್‌ನ ಒಳಗಿನ ಪುಲ್-ಅಪ್, ಅಂದರೆ ಬಟನ್ ಒತ್ತದಾಗ ಪಿನ್ನನ್ನು 5 ವೋಲ್ಟ್‌ನಲ್ಲಿ ಹಿಡಿದಿಡುವ ರೆಸಿಸ್ಟರ್, ಬಹಳ ದುರ್ಬಲ. ಪಕ್ಕದ ಕೋಣೆಯ ಫ್ಯಾನೋ ಟ್ಯೂಬ್‌ಲೈಟೋ ಹಾಕಿದಾಗ ಉದ್ದ ವೈರು ಆ ಜರ್ಕನ್ನು ಹಿಡಿದು ಬಟನ್ ಒತ್ತಿದಂತೆ ತೋರಿಸುತ್ತದೆ. ಕ್ಯಾಟ್6ನ ಒಂದೊಂದು ಹೆಣೆದ ಜೋಡಿಯನ್ನು ಒಂದೊಂದು ಬಟನ್‌ಗೆ ಬಳಸಿ. 230 ವೋಲ್ಟ್ ವೈರಿನ ಪೈಪಿನೊಳಗೆ ಇದನ್ನು ತೂರಿಸಬೇಡಿ.

ಡಿ11ರಿಂದ ಡಿಎಫ್‌ಪ್ಲೇಯರಿನ ಆರ್‌ಎಕ್ಸ್‌ಗೆ ಹೋಗುವ ದಾರಿಯಲ್ಲಿ 1 ಕಿಲೋಓಮ್ ಇರಲೇಬೇಕು, ಇಲ್ಲದಿದ್ದರೆ ಸ್ಪೀಕರಿನಲ್ಲಿ ಟಕಟಕ ಸದ್ದು ಬರುತ್ತದೆ. ಅದರ ಟಿಎಕ್ಸ್ ಡಿ10ಕ್ಕೆ. 5 ವೋಲ್ಟ್ ಮತ್ತು ಗ್ರೌಂಡ್ ಕಾಲುಗಳಿಗೆ ಹತ್ತಿರದಲ್ಲೇ 1000 ಮೈಕ್ರೊಫ್ಯಾರಡ್. ಸ್ಪೀಕರಿನ ಎರಡು ವೈರೂ ‘ಎಸ್‌ಪಿಕೆ1’, ‘ಎಸ್‌ಪಿಕೆ2’ಗೇ ಹೋಗಬೇಕು. ಒಂದನ್ನು ಗ್ರೌಂಡ್‌ಗೆ ಸೇರಿಸಿದರೆ ಆಂಪ್ಲಿಫೈಯರ್ ಸುಡುತ್ತದೆ. ರೇಡಿಯೊ ರಿಪೇರಿ ಅಭ್ಯಾಸದವರು ಇಲ್ಲೇ ಎಡವುವುದು.

ಎಲ್‌ಇಡಿ ಪಟ್ಟಿಯ ಪ್ಲಸ್ ನೇರ 12 ವೋಲ್ಟ್‌ಗೆ, ಮೈನಸ್ ಮಾಸ್ಫೆಟ್‌ನ ಡ್ರೈನ್‌ಗೆ, ಸೋರ್ಸ್ ಗ್ರೌಂಡ್‌ಗೆ. ಗೇಟ್‌ಗೆ 220 ಓಮ್ ಮೂಲಕ ಆರ್ಡುಯಿನೊ ಪಿನ್, ಗೇಟ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್. ಅಂಗಡಿಯವರು ‘ಎರಡೂ ಒಂದೇ’ ಎಂದು ಐಆರ್‌ಎಫ್540 ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಅದು ಪೂರ್ತಿ ತೆರೆದುಕೊಳ್ಳಲು ಗೇಟ್‌ಗೆ 10 ವೋಲ್ಟ್ ಬೇಕು. 5 ವೋಲ್ಟ್‌ಗೆ ಅರೆಬರೆ ತೆರೆದು ಬಿಸಿಯಾಗುತ್ತದೆ.

ಹಂತ 6: ಕಾರ್ಡ್ ಮತ್ತು ಪ್ರೋಗ್ರಾಂ

ಕಾರ್ಡನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ. 01, 02, 03 ಎಂಬ ಮೂರು ಫೋಲ್ಡರ್: ಕನ್ನಡ, ತೆಲುಗು, ಇಂಗ್ಲಿಷ್. ಪ್ರತಿಯೊಂದರಲ್ಲೂ 001ರಿಂದ 004ರವರೆಗೆ ನಾಲ್ಕು ಎಂಪಿ3. ಹೆಸರಿನಲ್ಲಿ ಸೊನ್ನೆ ಬಿಟ್ಟರೆ ಹುಡುಕಿಕೊಳ್ಳುವುದಿಲ್ಲ. ಮ್ಯಾಕ್ ಕಂಪ್ಯೂಟರಿನಿಂದ ಹಾಕಿದರೆ ಕಣ್ಣಿಗೆ ಕಾಣದ ಕಡತಗಳೂ ಕಾರ್ಡ್ ಸೇರಿ ಕ್ರಮ ತಪ್ಪಬಹುದು, ಅವನ್ನು ಅಳಿಸಿ.

ಪ್ರೋಗ್ರಾಂ ಮಾಡಬೇಕಾದ್ದು ಇಷ್ಟು: ಬಟನ್ ಒತ್ತಿದರೆ ಹಳೆಯ ದೀಪ ಆರಿಸು, ಆ ಚಿತ್ರದ ದೀಪ ಹಚ್ಚು, ಈಗಿನ ಭಾಷೆಯ ಫೋಲ್ಡರಿನಿಂದ ಆ ಸಂಖ್ಯೆಯ ಕಡತ ನುಡಿಸು, ‘ಬ್ಯುಸಿ’ ಪಿನ್ ಮೇಲೇರಿದರೆ ಮಾತು ಮುಗಿಯಿತೆಂದು ದೀಪ ಆರಿಸು. ಡಿಎಫ್‌ಪ್ಲೇಯರ್ ತಯಾರಿಸುವ ಡಿಎಫ್‌ರೋಬೋಟ್ ಕಂಪನಿಯ ಸಿದ್ಧ ಲೈಬ್ರರಿ ಬಳಸಿದರೆ ನೂರು ಸಾಲಿನೊಳಗೆ ಮುಗಿಯುತ್ತದೆ. ಎಡವುವ ಜಾಗ ನಾಲ್ಕು.

ಒಂದು, ಬಟನ್‌ನ ಲೋಹದ ಸಂಪರ್ಕ ಒತ್ತಿದಾಗ ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ, ಒಂದೇ ಒತ್ತು ಹತ್ತಾಗಿ ಕಾಣುತ್ತದೆ. 30 ಮಿಲಿಸೆಕೆಂಡ್ ಒತ್ತಿಯೇ ಇದ್ದರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಎರಡು, ನುಡಿಸು ಎಂದ ತಕ್ಷಣ ‘ಬ್ಯುಸಿ’ ಇಳಿಯುವುದಿಲ್ಲ. ಅರ್ಧ ಸೆಕೆಂಡ್ ಕಾದು ನೋಡದಿದ್ದರೆ ದೀಪ ಮಿಣುಕಿ ಆರಿಹೋಗುತ್ತದೆ. ಮೂರು, ಮಕ್ಕಳು ಒಂದೇ ಬಟನ್ ಕುಟ್ಟುತ್ತಲೇ ಇರುತ್ತಾರೆ. ನುಡಿಯುತ್ತಿರುವ ಬಟನನ್ನೇ ಮತ್ತೆ ಒತ್ತಿದರೆ ಮೊದಲ 3 ಸೆಕೆಂಡ್ ಲಕ್ಷ್ಯ ಕೊಡಬೇಡಿ, ಆಮೇಲೆ ಒತ್ತಿದರೆ ಮೊದಲಿನಿಂದ ಶುರುವಾಗಲಿ. ಬೇರೆ ಬಟನ್ ಒತ್ತಿದರೆ ಕೂಡಲೇ ಬದಲಾಗಲಿ. ಮುಗಿಯುವ ತನಕ ಬೇರೆ ಯಾವುದನ್ನೂ ತೆಗೆದುಕೊಳ್ಳದ ವ್ಯವಸ್ಥೆ ಮಾಡಿದರೆ ‘ಕೆಟ್ಟಿದೆ’ ಎಂದುಕೊಂಡು ಹೋಗುತ್ತಾರೆ. ನಾಲ್ಕು, ಒಂದು ನಿಮಿಷ ಯಾರೂ ಏನೂ ಒತ್ತದಿದ್ದರೆ ಭಾಷೆ ಕನ್ನಡಕ್ಕೆ ಮರಳಲಿ.

ಹಂತ 7: ಕರೆಂಟು

230 ವೋಲ್ಟ್ ಭಾಗವನ್ನು ಎಲೆಕ್ಟ್ರಿಷಿಯನ್ನೇ ಮಾಡಲಿ: ಪ್ರತ್ಯೇಕ ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಕಡಿದುಹಾಕುವ ಸ್ವಿಚ್), ಸರಿಯಾದ ಅರ್ತಿಂಗ್. ಎಸ್‌ಎಂಪಿಎಸ್ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಕೈಗೆಟುಕದಂತೆ ಇರಬೇಕು. ಜನ ಮುಟ್ಟುವ ಕಡೆ 12 ವೋಲ್ಟ್‌ಗಿಂತ ಹೆಚ್ಚು ಬರಲೇಬಾರದು. ನಾಲ್ಕು ಪಟ್ಟಿಯೂ ಒಟ್ಟಿಗೆ ಹೊತ್ತಿದರೆ 40 ವ್ಯಾಟ್, ಅಂದರೆ ಸುಮಾರು 3.3 ಆಂಪಿಯರ್, 5 ಆಂಪಿಯರ್ ಎಸ್‌ಎಂಪಿಎಸ್ ಅದಕ್ಕೇ.

ಬಕ್ ಕನ್ವರ್ಟರನ್ನು ಬೋರ್ಡಿಗೆ ಸೇರಿಸುವ ಮೊದಲೇ ಮೀಟರ್ ಹಿಡಿದು 5.0 ವೋಲ್ಟ್‌ಗೆ ತಿರುಗಿಸಿಡಿ. ಹೊಸದು ಎಷ್ಟು ವೋಲ್ಟ್‌ನಲ್ಲಿ ಬಂದಿರುತ್ತದೋ ಹೇಳಲಾಗದು. ಹಾಗೇ ಸೇರಿಸಿದರೆ ಎರಡೂ ಬೋರ್ಡ್ ಹೋದವು. ತಿರುಗಿಸಿದ ಮೇಲೆ ಆ ಸ್ಕ್ರೂಗೆ ಒಂದು ಹನಿ ನೈಲ್ ಪಾಲಿಶ್ ಹಚ್ಚಿ, ಅಲುಗದು. 12 ವೋಲ್ಟ್, 5 ವೋಲ್ಟ್, ಎಲ್ಲದರ ಗ್ರೌಂಡೂ ಒಂದೇ ಕಡೆ ಸೇರಬೇಕು.

ಕರೆಂಟು ಹೋಗಿ ಬಂದರೆ ಈ ವ್ಯವಸ್ಥೆಗೆ ಏನೂ ಆಗುವುದಿಲ್ಲ, ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಸಿದ್ಧ.

ಹಂತ 8: ದನಿ ಎಷ್ಟಿರಬೇಕು

ಫಲಕದಿಂದ ಒಂದು ಮೀಟರ್ ದೂರದಲ್ಲಿ ನಿಂತು ಮೊಬೈಲ್ ಆ್ಯಪಿನಲ್ಲಿ ಅಳೆದರೆ 65ರಿಂದ 70 ಡೆಸಿಬೆಲ್ ಸಾಕು. ಡಿಎಫ್‌ಪ್ಲೇಯರ್ ಮಟ್ಟ 0ರಿಂದ 30. 20ರ ಆಸುಪಾಸಿನಿಂದ ಶುರು ಮಾಡಿ, ಪ್ರೋಗ್ರಾಂನಲ್ಲೇ ಕಟ್ಟಿಹಾಕಿ. ಹೊರಗೆ ವಾಲ್ಯೂಮ್ ತಿರುಪು ಕೊಡಬೇಡಿ. ಕಲ್ಲಿನ ಕಟ್ಟಡದಲ್ಲಿ ದನಿ ಜಾಸ್ತಿ ಮಾಡಿದಷ್ಟೂ ಮಾತು ಕಲಸಿಹೋಗುತ್ತದೆ. ಸ್ಪೀಕರನ್ನು ಕಿವಿಯ ಮಟ್ಟಕ್ಕೆ ತಂದು ಕೇಳುವವರ ಕಡೆ ತಿರುಗಿಸಿ. ಎರಡು ಫಲಕಗಳ ನಡುವೆ ಮೂರು ಮೀಟರೂ ಇಲ್ಲದಿದ್ದರೆ ಒಂದಕ್ಕೆ ಹಳೆಯ ಫೋನಿನ ರಿಸೀವರ್ ಹಾಕಿ, ಒಳಗೆ 32 ಓಮ್‌ನ ಪುಟ್ಟ ಸ್ಪೀಕರ್ ಕೂರಿಸಿ. ಕಿವಿ ಕೇಳದವರಿಗಾಗಿ ಅದೇ ಮಾತು ಬರಹದಲ್ಲೂ ಪಕ್ಕದಲ್ಲಿರಲಿ.

ತಾನೇ ಸುತ್ತಿ ಸುತ್ತಿ ನುಡಿಯುವ ಹಿನ್ನೆಲೆ ಸಂಗೀತ ಇಡಬೇಡಿ. ಅಲ್ಲಿ ದಿನವಿಡೀ ಕೂರುವ ಸಿಬ್ಬಂದಿ ಮೂರನೇ ದಿನ ಪ್ಲಗ್ ಕಿತ್ತಿರುತ್ತಾರೆ, ಅವರ ತಪ್ಪೂ ಅಲ್ಲ.

ವಿಡಿಯೊ ಬೇಕೆಂದರೆ

ನೂಲು ಬಿಚ್ಚಣಿಕೆಯ ಕೆಲಸವನ್ನು ಚಲಿಸುವ ಚಿತ್ರದಲ್ಲೇ ತೋರಿಸಬೇಕೆಂದರೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಮತ್ತು 24 ಇಂಚಿನ ಮಾನಿಟರ್ ಬೇಕು. ಅದರ ಪಿನ್‌ಗಳು 3.3 ವೋಲ್ಟಿನವು, ಪುಲ್-ಅಪ್ ರೆಸಿಸ್ಟರನ್ನು 5 ವೋಲ್ಟ್‌ಗೆ ಕಟ್ಟಿದರೆ ಪೈ ಕೆಡುತ್ತದೆ. ಮೊಬೈಲ್ ಚಾರ್ಜರ್ ಬೇಡ, 5.1 ವೋಲ್ಟ್ 3 ಆಂಪಿಯರ್‌ನ ಅದರದೇ ಅಡಾಪ್ಟರ್ ತನ್ನಿ. ಪರದೆಯಲ್ಲಿ ಮಿಂಚಿನ ಗುರುತು ಕಂಡರೆ ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ. ಕರೆಂಟು ದಿಢೀರ್ ಹೋದರೆ ಪೈಯ ಕಾರ್ಡ್ ಹಾಳಾಗಬಹುದು. ಎಲ್ಲ ಮುಗಿದ ಮೇಲೆ ‘ರಾಸ್ಪಿ-ಕಾನ್ಫಿಗ್’ನಲ್ಲಿ ‘ಓವರ್‌ಲೇ ಫೈಲ್ ಸಿಸ್ಟಮ್’ ಆನ್ ಮಾಡಿ, ಆಗ ಕಾರ್ಡಿಗೆ ಏನೂ ಬರೆಯುವುದಿಲ್ಲ. ಪೈ 5ರಲ್ಲಿ ಹೆಡ್‌ಫೋನ್ ಜಾಕ್ ಇಲ್ಲ, ಯುಎಸ್‌ಬಿ ಸೌಂಡ್ ಕಾರ್ಡ್ ಬೇಕಾಗುತ್ತದೆ.

ಮಾನಿಟರ್ ಕೊಳ್ಳುವ ಮೊದಲು ಅಂಗಡಿಯಲ್ಲೇ ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿ. ತಾನಾಗಿ ಹೊತ್ತಿಕೊಳ್ಳದೆ ರಿಮೋಟ್ ಕೇಳುವ ಟಿ.ವಿ. ನಿಮಗೆ ಬೇಡ.

ಕನ್ನಡ ಅಡಿಬರಹವನ್ನು ಬೇರೆ ಕಡತವಾಗಿ ಇಡದೆ ವಿಡಿಯೊದೊಳಗೇ ಅಚ್ಚು ಹಾಕಿ. ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಬರಹವನ್ನು ಮೊದಲು ಯುನಿಕೋಡ್‌ಗೆ ಬದಲಾಯಿಸಿ, ಆಮೇಲೆ ಎಡಿಟಿಂಗ್ ತಂತ್ರಾಂಶಕ್ಕೆ ಅಂಟಿಸಿ. ಅಂಟಿಸಿದ ಮೇಲೂ ‘ಶಿಡ್ಲಘಟ್ಟ’, ‘ರಾಷ್ಟ್ರ’ದಂಥ ಪದಗಳನ್ನು ಕಣ್ಣಾರೆ ನೋಡಿ. 1080ಪಿ, ಎಚ್.264 ಸಾಕು, 4ಕೆ ಬೇಡ.

ಹಂತ 9: ಉದ್ಘಾಟನೆಗೆ ಮುಂಚೆ

ಪ್ರತಿ ಬಟನ್ ಇನ್ನೂರು ಸಲ ಒತ್ತಿಸಿ. ಈ ಕೆಲಸಕ್ಕೆ ಐದನೇ ತರಗತಿಯ ಮಕ್ಕಳಷ್ಟು ಸಮರ್ಥರು ಬೇರೆ ಇಲ್ಲ. ಎರಡು ಬಟನ್ ಒಟ್ಟಿಗೆ ಒತ್ತಿ ನೋಡಿ. ಮಾತಿನ ನಡುವೆ ಹತ್ತು ಸಲ ಕರೆಂಟು ತೆಗೆದು ಹಾಕಿ. ಇಡೀ ದಿನ ಓಡಿಸಿ, ಸಂಜೆ ಬಕ್ ಕನ್ವರ್ಟರ್ ಮುಟ್ಟಿ ನೋಡಿ. ಬೆರಳಿಡಲಾಗದಷ್ಟು ಸುಡುತ್ತಿದ್ದರೆ ದೊಡ್ಡದು ಹಾಕಿ.

ಪೆಟ್ಟಿಗೆಯ ಬಾಗಿಲ ಒಳಮೈಗೆ ವೈರಿಂಗ್ ನಕ್ಷೆ ಅಂಟಿಸಿ. ಪ್ರತಿ ವೈರಿನ ಎರಡೂ ತುದಿಗೆ ಸಂಖ್ಯೆ ಇರಲಿ. ಒಂದು ಜಿಪ್ ಕವರಿನಲ್ಲಿ ಬಿಡಿ ಡಿಎಫ್‌ಪ್ಲೇಯರ್, ಎರಡು ಬಟನ್, ಫ್ಯೂಸ್, ಎಲ್ಲ ಕಡತ ತುಂಬಿದ ಎರಡನೇ ಕಾರ್ಡ್ ಹಾಕಿ ಅದೇ ಪೆಟ್ಟಿಗೆಯಲ್ಲಿ ನೇತುಹಾಕಿ. ಪ್ರೋಗ್ರಾಂನ ಪ್ರತಿಯೂ ಆ ಕಾರ್ಡಿನಲ್ಲಿ ಬೇರೆ ಫೋಲ್ಡರಿನಲ್ಲಿರಲಿ. ಮಾಡಿಕೊಟ್ಟವರು ಊರು ಬಿಟ್ಟಿರಬಹುದು, ಮೇಷ್ಟ್ರಿಗೆ ವರ್ಗ ಆಗಿರಬಹುದು. ಬೀಗದ ಕೈ ಮಾತ್ರ ಇಬ್ಬರ ಹತ್ತಿರ ಇರಬೇಕು.